ಮಾವು ಹೂ ಬಿಟ್ಟಿದೆ, ನೋಡೋಣ ಬನ್ನಿ

ಜಪಾನಿನಲ್ಲಿ ಮಾರ್ಚ್ ಮುಗಿದು ಏಪ್ರಿಲ್ ಹುಟ್ಟುವ ಹೊತ್ತಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಉದ್ಯಾನಕ್ಕೋ ಹೊಳೆದಂಡೆಗೋ ಹೊರಡುತ್ತಾರೆ. ಹೂಬಿಟ್ಟ ಚೆರ್ರಿ ಮರಗಳ ಕೆಳಗೆ ಚಾಪೆ ಹಾಸಿ ಕೂತು ಉಣ್ಣುತ್ತಾರೆ. ಮಕ್ಕಳೇ, ನಮ್ಮ ಕೋಲಾರ ಜಿಲ್ಲೆಗೂ ಅಂಥದೊಂದು ಹೂಗಾಲ ಇದೆ. ಸಂಕ್ರಾಂತಿ ಕಳೆದ ಮೇಲೆ ಶ್ರೀನಿವಾಸಪುರದ ಸುತ್ತಮುತ್ತ ಬಸ್ಸಿನಲ್ಲಿ ಹೋಗಿ ನೋಡಿ. ತೋಪು ತೋಪೇ ಹೂ ಹೊತ್ತು ನಿಂತಿರುತ್ತದೆ, ಕಿಟಕಿ ಸರಿಸಿದರೆ ಘಮ ಒಳಗೇ ಬರುತ್ತದೆ. ಹಣ್ಣಿಗೆ ಕಾಯುವ ನಾವು ಹೂವನ್ನು ನಿಂತು ನೋಡುವುದು ಕಡಿಮೆ. ನನಗಂತೂ ಅದು ದೊಡ್ಡ ನಷ್ಟವೆನಿಸುತ್ತದೆ.

ಒಂದು ಗೊಂಚಲಿನ ಹತ್ತಿರ ಹೋಗೋಣ. ಕೀಳಬೇಡಿ, ಮೆಲ್ಲಗೆ ಬಗ್ಗಿಸಿ. ಅದೊಂದರಲ್ಲೇ ಸಾವಿರಕ್ಕೂ ಹೆಚ್ಚು ಹೂಗಳಿರಬಹುದು. ಒಂದೊಂದು ಹೂವೂ ಅರ್ಧ ಸೆಂಟಿಮೀಟರ್‌ಗಿಂತ ತುಸು ಅಗಲ, ಅಷ್ಟೆ. ಭೂತಗನ್ನಡಿ ಹಿಡಿಯಿರಿ. ಸಾಮಾನ್ಯವಾಗಿ ಐದು ಎಸಳು, ಮೇಲೆ ಹಳದಿ ಗೆರೆ. ಹೂ ಹಳತಾದಂತೆ ಗೆರೆ ಕೆಂಪಾಗುತ್ತದೆ. ಹೆಚ್ಚಿನ ಹೂಗಳಲ್ಲಿ ಒಂದೇ ಒಂದು ಕೇಸರ ಎದ್ದು ನಿಂತಿರುತ್ತದೆ, ಅದರ ಗುಲಾಬಿ ತುದಿಯಲ್ಲಿ ಪರಾಗ. ನಡುವೆ ಹಸಿರುಹಳದಿ ಗುಂಡೊಂದು ಕಂಡರೆ ಅದು ಕಾಯಿಯಾಗಬಲ್ಲ ಹೂ. ಕಾಣದಿದ್ದರೆ ಗಂಡು ಹೂ. ಪರಾಗ ಸಾಗಿಸುವ ಕೆಲಸ ಹೆಚ್ಚಾಗಿ ನೊಣಗಳದ್ದು. ನಾವು ಓಡಿಸುವ ನೊಣವಿಲ್ಲದೆ ಬಾದಾಮಿಯೂ ಇಲ್ಲ, ರಸಪುರಿಯೂ ಇಲ್ಲ! ಇಷ್ಟೆಲ್ಲ ಹೂವಿದ್ದೂ ಗೊಂಚಲಿಗೆ ಕೊನೆಗೆ ಉಳಿಯುವುದು ಒಂದೆರಡು ಕಾಯಿ. ಮಿಕ್ಕದ್ದು ಹೂವಾಗಿಯೋ ಪೀಚಾಗಿಯೋ ಉದುರುತ್ತದೆ. ಮರ ಅಷ್ಟನ್ನೂ ಸಾಕಲಾರದು.

ಹೂ ಬಿಡುವ ಕಾಲ ಬಂತೆಂದು ಮರಕ್ಕೆ ತಿಳಿಯುವುದು ಹೇಗೆ? ಚಳಿಯಿಂದ. ಕೋಲಾರ ಸೀಮೆ ಸಮುದ್ರಮಟ್ಟದಿಂದ 800 ಮೀಟರ್ ಆಸುಪಾಸಿನಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ ಒಳ್ಳೆಯ ಚಳಿ. ಆ ಚಳಿಯನ್ನು ಅರಿಯುವುದು ಎಲೆ. ಬಲಿತ ಎಲೆಯಲ್ಲಿ ಒಂದು ರಾಸಾಯನಿಕ ಸೂಚನೆ ತಯಾರಾಗಿ, ಆಹಾರ ಹರಿಯುವ ನಾಳದಲ್ಲೇ ಸಾಗಿ ಕೊಂಬೆಯ ತುದಿಯ ಮೊಗ್ಗಿಗೆ ತಲುಪುತ್ತದೆ. ಸೂಚನೆ ಸಿಕ್ಕರೆ ಮೊಗ್ಗು ಹೂಗೊಂಚಲಾಗುತ್ತದೆ, ಇಲ್ಲದಿದ್ದರೆ ಅದೇ ಮೊಗ್ಗು ಎಲೆಯ ಚಿಗುರಾಗುತ್ತದೆ. ಅದಕ್ಕೇ ಕೆಲವು ಮರಗಳಲ್ಲಿ ಒಂದು ಪಕ್ಕ ಹೂ, ಇನ್ನೊಂದು ಪಕ್ಕ ತಾಮ್ರಬಣ್ಣದ ಚಿಗುರು. ಚಿಗುರಿದ ಕಡೆ ಎಲೆ ಇನ್ನೂ ಬಲಿತಿರಲಿಲ್ಲವೇನೋ.

ಚೆರ್ರಿಗೂ ಚಳಿ ಬೇಕು, ಆದರೆ ದಾರಿ ಬೇರೆ. ಅದರ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಹುಟ್ಟಿ ಮಲಗಿಬಿಡುತ್ತದೆ. ಚಳಿಗಾಲ ಅದರ ನಿದ್ದೆ ಮುರಿಯುತ್ತದೆ, ಆಮೇಲಿನ ಬಿಸಿಲು ಅರಳಿಸುತ್ತದೆ. ಜಪಾನಿನಲ್ಲಿ ಹೆಚ್ಚಾಗಿ ಕಾಣುವ ಸೊಮೆಯ್ ಯೋಶಿನೊ ಮರಗಳೆಲ್ಲ ಕಸಿ ಮಾಡಿ ಬೆಳೆಸಿದವು, ಒಂದೇ ಮರದ ಪ್ರತಿಗಳಿದ್ದಂತೆ. ಹಾಗಾಗಿ ಒಂದು ಬೀದಿಯ ಮರಗಳೆಲ್ಲ ಒಟ್ಟಿಗೇ ಅರಳುತ್ತವೆ.

ಕ್ಯೋಟೋ ನಗರದಲ್ಲಿ ಚೆರ್ರಿ ಅರಳಿದ ದಿನಗಳ ಲೆಕ್ಕ ಕ್ರಿ.ಶ. 812ರಿಂದ ಸಿಗುತ್ತದೆ, ನಡುವೆ ಕೆಲವು ವರ್ಷ ಬಿಟ್ಟುಹೋಗಿದ್ದರೂ. ಹಳೆಯ ದಿನಚರಿಗಳಲ್ಲಿ ಯಾರೋ ಬರೆದಿಟ್ಟದ್ದು ಅದು. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಮರಗಳು ಪೂರ್ತಿ ಅರಳಿದವು. ಅಷ್ಟು ಬೇಗ ಅರಳಿದ್ದು ಅಲ್ಲಿಯವರೆಗೆ ಆ ಲೆಕ್ಕದಲ್ಲೇ ಇರಲಿಲ್ಲ. ಭೂಮಿ ಬಿಸಿಯಾಗುತ್ತಿರುವುದಕ್ಕೆ ವಿಜ್ಞಾನಿಗಳು ಇದನ್ನೂ ಸಾಕ್ಷಿಯಾಗಿ ತೋರಿಸುತ್ತಾರೆ.

ಮಾಲೂರಿನಲ್ಲಿರಲಿ, ಮುಳಬಾಗಿಲಿನಲ್ಲಿರಲಿ, ನಿಮ್ಮ ಶಾಲೆಯ ಹತ್ತಿರದ ಒಂದು ಮಾವಿನ ಮರ ಆರಿಸಿಕೊಳ್ಳಿ. ಮೊದಲ ಗೊಂಚಲು ಕಂಡ ತಾರೀಖು, ಆ ವಾರದ ಚಳಿ, ಮಂಜು ಬಿದ್ದಿತ್ತೇ, ನೊಣ ಬಂದವೇ, ಯುಗಾದಿಗೆ ಎಷ್ಟು ಮಿಡಿ ಉಳಿದವು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರುವ ವರ್ಷವೂ ಅದೇ ಮರಕ್ಕೇ ಹೋಗಿ.