ಮೊಮ್ಮಗನ ಹೆಸರು

ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ, ಅಲ್ಲಿಯವನನ್ನೇ ಮದುವೆಯಾಗಿ ನೆಲೆಸಿರುವ ನನ್ನ ಮಗಳು ಗಂಡುಮಗುವಾದ ಸುದ್ದಿಯನ್ನು ತಿಳಿಸಿದಾಗ ನಾನು ಮೊದಲು ಕೇಳಿದ್ದು ಮಗುವಿನ ಹೆಸರನ್ನು. ನನಗೆ ಗಂಡುಮಕ್ಕಳಿಲ್ಲ. ನನ್ನ ತಂದೆಯವರ ಹೆಸರು ಈ ಕೂಸಿನೊಡನೆಯಾದರೂ ಉಳಿದೀತೆಂಬ ಆಸೆಯನ್ನು ಯಾರ ಮುಂದೆಯೂ ಆಡದೆ ಇಟ್ಟುಕೊಂಡಿದ್ದೆ. "ಖೈಸ್‌ಬ್ರೆಖ್ತ್" ಎಂದಳು. ಕೆಮ್ಮಿದಳೇನೋ ಎಂದುಕೊಂಡೆ. ಅಳಿಯನ ಅಜ್ಜನ ಹೆಸರಂತೆ. ಈಗ ಅಲ್ಲಿಯೂ ಅಪರೂಪವಂತೆ.

ಒಂದೆರಡು ವಾರ ಮುನಿಸಿಕೊಂಡಿದ್ದೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಅಷ್ಟರಲ್ಲಿ ನೆರೆಹೊರೆಯವರು ಅರ್ಥವೇನೆಂದು ಕೇಳತೊಡಗಿದರು. ನಮ್ಮವರಿಗೆ ಹೆಸರೆಂದರೆ ಅರ್ಥವಿರಲೇಬೇಕು. ಮರ್ಯಾದೆ ಉಳಿಸಿಕೊಳ್ಳುವುದಕ್ಕಾಗಿ ಪುಸ್ತಕಗಳನ್ನು ತಿರುವಬೇಕಾಯಿತು.

ಹೆಸರಿನಲ್ಲಿ ಎರಡು ತುಂಡುಗಳಿವೆ. ಉತ್ತರಾರ್ಧವಾದ 'ಬ್ರೆಖ್ತ್' ಎಂದರೆ ಹೊಳೆಯುವ, ಬೆಳಗುವ ಎಂದರ್ಥ, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪೂರ್ವಾರ್ಧದ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಬಾಣದ ಕಡ್ಡಿ ಎನ್ನುವವರು ಕೆಲವರು. ಒತ್ತೆಯಾಳು ಎನ್ನುವವರು ಹಲವರು. ಡಚ್ ಭಾಷೆಯಲ್ಲಿ ಒತ್ತೆಯಾಳಿಗೆ ಇಂದಿಗೂ ಇರುವ 'ಖೈಝೆಲಾರ್' ಎಂಬ ಮಾತು ಇವರ ಕಡೆ ಸಾಕ್ಷಿ ಹೇಳುತ್ತದೆ. ಇಂಗ್ಲಿಷರ 'ಗಿಲ್ಬರ್ಟ್' ಇದೇ ಬೇರಿನ ಇನ್ನೊಂದು ಕವಲು. ಹಳೆಯ ಜರ್ಮಾನಿಕ್ ಜನರು ತಂದೆಯ ಕಡೆಯ ಒಂದು ತುಂಡು, ತಾಯಿಯ ಕಡೆಯ ಒಂದು ತುಂಡು ಕೂಡಿಸಿ ಹೆಸರು ಕಟ್ಟುವುದುಂಟಾಗಿತ್ತು. ಆದ್ದರಿಂದ ಎರಡನ್ನೂ ಬೆಸೆದು ಒಂದು ಅರ್ಥ ಹೇಳಹೊರಡುವುದು ಸಾಹಸವೇ. ಆದರೂ ನೆರೆಮನೆಯವರಿಗೆ 'ಒತ್ತೆಯಿಟ್ಟ ಬೆಳಕು' ಎಂದು ಹೇಳಿಬಿಟ್ಟೆ.

ಒತ್ತೆಯಾಳು ಎಂದೊಡನೆ ಈಗ ನಮಗೆ ವಿಮಾನಾಪಹರಣದ ನೆನಪಾಗುತ್ತದೆ. ಆ ಕಾಲದಲ್ಲಿ ಹಾಗಲ್ಲ. ಇಬ್ಬರು ಅರಸರ ನಡುವೆ ಒಪ್ಪಂದವಾದರೆ ಮಾತಿಗೆ ಹೊಣೆಯಾಗಿ ಒಬ್ಬನ ಮಗ ಇನ್ನೊಬ್ಬನ ಮನೆಯಲ್ಲಿ ಬೆಳೆಯುತ್ತಿದ್ದ. ಈ ಪದ್ಧತಿ ನಮಗೂ ಅಪರಿಚಿತವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಕಾರ್ನ್‌ವಾಲಿಸನ ವಶಕ್ಕೆ ಹೋದವರು 1794ರವರೆಗೆ ಮರಳಲಿಲ್ಲ. ಅಂಥ ಮಗುವನ್ನು ಕಳಿಸಿಕೊಟ್ಟವರ ಮನೆ ಹೇಗಿದ್ದೀತು ಎಂಬುದು ಇತಿಹಾಸದ ಪುಟಗಳಲ್ಲಿ ಸಿಗುವುದಿಲ್ಲ.

ಡಚ್ಚರಿಗೆ ಮಾತ್ರ ಈ ಹೆಸರು ಕೇಳಿದರೆ ನೆನಪಾಗುವುದು ನಿಘಂಟಲ್ಲ, ನಾಟಕ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಆಮ್ಸ್ಟೆಲ್ ಸೀಮೆಯ ಒಡೆಯನಾಗಿದ್ದ ಖೈಸ್‌ಬ್ರೆಖ್ತ್ ತನ್ನ ಪ್ರಭು ಐದನೆಯ ಫ್ಲೋರಿಸನ ವಿರುದ್ಧ ಹೂಡಿದ ಸಂಚಿನಲ್ಲಿ ಸೇರಿಕೊಂಡ. 1296ರಲ್ಲಿ ಫ್ಲೋರಿಸ್ ಕೊಲೆಯಾದ. ಖೈಸ್‌ಬ್ರೆಖ್ತ್ ಸೀಮೆಯನ್ನು ಕಳೆದುಕೊಂಡು ದೇಶಭ್ರಷ್ಟನಾದ. ಹೊಗಳುವಂಥ ಚರಿತ್ರೆಯಲ್ಲ. ಆದರೆ ಮುನ್ನೂರನಲವತ್ತು ವರ್ಷಗಳ ಮೇಲೆ ಯೋಸ್ಟ್ ಫಾನ್ ಡೆನ್ ಫೊಂಡೆಲ್ ಎಂಬ ಕವಿ ಇವನನ್ನೇ ನಾಯಕನನ್ನಾಗಿ ಆರಿಸಿಕೊಂಡ. ಆಮ್ಸ್ಟರ್‌ಡ್ಯಾಮಿನ ಹೊಸ ನಾಟಕಶಾಲೆ 1638ರ ಜನವರಿ 3ರಂದು ತೆರೆದದ್ದು ಈ ನಾಟಕದಿಂದಲೇ. ಹಿಂದಿನ ಕ್ರಿಸ್ಮಸ್ಸಿಗೇ ಆಗಬೇಕಿದ್ದುದು, ರಂಗದ ಮೇಲೆ ಕೆಥೊಲಿಕ್ ಪೂಜೆಯ ವಾಸನೆ ಬಂದೀತೆಂದು ಚರ್ಚಿನವರು ಗೊಣಗಿದ್ದರಿಂದ ತಡವಾಯಿತು.

ವರ್ಜಿಲನ ಟ್ರಾಯ್ ಪತನದ ನೆರಳು ನಾಟಕದ ಮೇಲೆ ದಟ್ಟವಾಗಿದೆ. ಮರದ ಕುದುರೆಯ ಬದಲು ಸೌದೆ ತುಂಬಿದ ಹಡಗು; ಒಳಗೆ ಶತ್ರುಸೈನಿಕರು. ಕ್ರಿಸ್ಮಸ್ ರಾತ್ರಿ ಊರು ಹೊತ್ತಿ ಉರಿಯುತ್ತದೆ. ಕಾದಾಡಿ ಸಾಯುವೆನೆನ್ನುವ ನಾಯಕನಿಗೆ ದೇವದೂತ ರಫಾಯೆಲ್ ಹೇಳುವುದು, ಹೊರಡು ಎಂದು. ಹೆಂಡತಿ ಬಾಡೆಲೊಖ್ ಮತ್ತು ಮಕ್ಕಳೊಡನೆ ಅವನು ಪ್ರಷ್ಯಾದ ಕಡೆ ನಡೆಯುತ್ತಾನೆ, ಅಲ್ಲಿ ಹೊಸ ಹಾಲೆಂಡನ್ನು ಕಟ್ಟುವುದಕ್ಕೆ. ಫೊಂಡೆಲನ ತಂದೆತಾಯಿಗಳು ಧರ್ಮದ ಕಾರಣಕ್ಕೆ ಆಂಟ್ವರ್ಪ್ ಬಿಟ್ಟು ಓಡಿಹೋದವರು. ಅವನು ಹುಟ್ಟಿದ್ದು ಕಲೋನಿನಲ್ಲಿ. ನಾಟಕವನ್ನು ಅವನು ಅರ್ಪಿಸಿದ್ದೂ ದೇಶಭ್ರಷ್ಟನಾಗಿದ್ದ ಹ್ಯೂಗೊ ಗ್ರೋಶಿಯಸನಿಗೆ. ಊರು ಬಿಟ್ಟವನ ಕಥೆಯನ್ನೇ ಆ ಊರಿನವರು 1968ರವರೆಗೆ ಹೊಸ ವರ್ಷದ ಸುಮಾರಿಗೆ ಆಡುತ್ತ ಬಂದರೆಂಬುದು ನನಗೆ ಬಹಳ ಹಿಡಿಸಿತು.

ಇಷ್ಟು ಓದಿದ ಮೇಲೆ ಮುನಿಸು ಎಲ್ಲಿ ಹೋಯಿತೋ ತಿಳಿಯದು. ಇನ್ನೊಂದು ಸಂಗತಿಯೂ ತಿಳಿಯಿತು: ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬುದು ಡಚ್ಚರಲ್ಲೂ ಹಿಂದಿನಿಂದ ಬಂದ ವಾಡಿಕೆ. ನಾನು ಇಲ್ಲಿ ಕುಳಿತು ಆಸೆಪಟ್ಟದ್ದನ್ನೇ ಅಳಿಯನ ತಂದೆ ಅಲ್ಲಿ ಕುಳಿತು ಆಸೆಪಟ್ಟಿದ್ದರು, ಅಷ್ಟೇ. ದಾಖಲೆಯಲ್ಲಿ ಉದ್ದದ ಹೆಸರು, ಕರೆಯಲು ಗಿಡ್ಡದ್ದು ಎಂಬುದೂ ಅಲ್ಲಿನ ರೀತಿ. ಖೈಸ್‌ಬ್ರೆಖ್ತ್ ಅಪರೂಪವಾದರೂ 'ಖೈಸ್' ಅಲ್ಲಿ ಮನೆಮನೆಯ ಮಾತು.

ಹೋದ ಚಳಿಗಾಲದಲ್ಲಿ ಮಗು ಬಂದಿತ್ತು. ಮೂರು ವರ್ಷ. ನಾನು 'ಕೈಸ್' ಎಂದೆ, ತಿದ್ದಿತು. 'ಗೈಸ್' ಎಂದೆ, ಮತ್ತೆ ತಿದ್ದಿತು. ಕೊನೆಗೆ ತನ್ನ ಪುಟ್ಟ ಬೆರಳನ್ನು ನನ್ನ ಗಂಟಲಿನ ಮೇಲಿಟ್ಟು, ಶಬ್ದ ಎಲ್ಲಿಂದ ಬರಬೇಕೆಂದು ತೋರಿಸಿತು.