ಅದು ರೆವೆಲಿ ಅಲ್ಲ, ರೌಸ್



ಹುತಾತ್ಮರ ಸ್ಮಾರಕದ ಮುಂದೆ ಬ್ಯೂಗಲ್ ಎರಡು ಸಲ ಕೇಳುತ್ತದೆ. ಮೊದಲು ಲಾಸ್ಟ್ ಪೋಸ್ಟ್. ಆಮೇಲೆ ಮೌನ. ಮೌನ ಮುಗಿಯಿತೆನ್ನಲು ಇನ್ನೊಂದು ಕರೆ. ಆ ಎರಡನೆಯದನ್ನು ಎಲ್ಲರೂ ರೆವೆಲಿ ಎನ್ನುತ್ತಾರೆ. ಸಾಮಾನ್ಯವಾಗಿ ಊದುವುದು ರೆವೆಲಿಯಲ್ಲ, ರೌಸ್. ಇಷ್ಟಕ್ಕೆ ಒಂದು ಉಪನ್ಯಾಸ ಬೇಕೇ ಎಂದರೆ, ಬೇಕು. ಇಷ್ಟೊಂದು ಮನೆಗಳಿಂದ ಜನ ಮಿಲಿಟರಿಗೆ ಹೋದ ನಾಡು ನಮ್ಮ ಕೊಡಗು. ಹೋದವರಿಗಾಗಿ ಊದುವ ಕರೆಯ ಹೆಸರಾದರೂ ನಮಗೆ ಸರಿಯಾಗಿ ಗೊತ್ತಿರಬೇಕು.

ಬ್ರಿಟಿಷ್ ದಂಡಿನಿಂದ ನಮ್ಮ ಸೇನೆಗೆ ಬಂದ ಕರೆಗಳಿವು. ಬೆಳಗಾಯಿತೆಂದು ಸಾರುವ ಉದ್ದನೆಯದು ರೆವೆಲಿ. ಅದರ ಹಿಂದೆಯೇ ಬಂದು ಹಾಸಿಗೆಯಿಂದ ಎಬ್ಬಿಸುವ ಗಿಡ್ಡನೆಯದು ರೌಸ್. ಲಾಸ್ಟ್ ಪೋಸ್ಟಿಗೂ ಮೊದಲು ಸಾವಿನ ನಂಟಿರಲಿಲ್ಲ. ರಾತ್ರಿ ಅಧಿಕಾರಿ ಕಾವಲುಗಳನ್ನು ಸುತ್ತಿ ಕೊನೆಯದನ್ನು ಮುಟ್ಟಿದಾಗ ಅದನ್ನು ಊದುತ್ತಿದ್ದರು. ದಿನ ಮುಗಿದದ್ದನ್ನು ಹೇಳುತ್ತಿದ್ದ ಕರೆ ಆಯುಸ್ಸು ಮುಗಿದವರಿಗೂ ಸಂದಿತು.

ಇದನ್ನು ನನಗೆ ಹೇಳಿಕೊಟ್ಟವರು ಶಾಲೆಯ ಡ್ರಿಲ್ ಮೇಷ್ಟ್ರು, ನಿವೃತ್ತ ಹವಾಲ್ದಾರರು. ಬ್ಯೂಗಲ್‌ಗೆ ತೂತಿಲ್ಲ, ಗುಂಡಿಯಿಲ್ಲ. ತುಟಿ ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸೇನೆಯ ಕರೆಗಳಿಗೆ ಸಾಮಾನ್ಯವಾಗಿ ಐದೇ ಸ್ವರ. ನಾವು ವಾರಗಟ್ಟಲೆ ಊದಿದರೂ ಬರೀ ಗಾಳಿ. ಮೇಷ್ಟ್ರು ಬೈಯಲಿಲ್ಲ. ಹಬ್ಬದ ದಿನ ಕೊಂಬು ಊದುವವರ ಹತ್ತಿರ ಕರೆದುಕೊಂಡು ಹೋಗಿ, ‘ಅವರ ತುಟಿ ನೋಡಿ’ ಎಂದರು. ಕೊಂಬಿಗೂ ತೂತಿಲ್ಲ! ಬ್ಯೂಗಲ್ ಎಂಬ ಹೆಸರಿನ ಬೇರು ಎಳೆಯ ಹೋರಿ ಎನ್ನುವ ಲ್ಯಾಟಿನ್ ಮಾತಿನಲ್ಲಿದೆ ಎಂದು ಬಹಳ ವರ್ಷಗಳ ಮೇಲೆ ಓದಿದಾಗ ಕಣ್ಣ ಮುಂದೆ ಬಂದವರು ಅದೇ ಮೇಷ್ಟ್ರು. ಹೋರಿಯ ಕೊಂಬು ಅಲ್ಲೂ ಲೋಹವಾಯಿತು, ಇಲ್ಲೂ ಲೋಹವಾಯಿತು. ನಾವು ಮಾತ್ರ ಹೆಸರು ಬದಲಿಸಲಿಲ್ಲ.

2017ರ ನವೆಂಬರ್ 4ರಂದು ಇದೇ ಗೋಣಿಕೊಪ್ಪಲಿನ ಕಾವೇರಿ ಕಾಲೇಜಿನಲ್ಲಿ ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು ಕೊಡಗಿನ ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯನವರ ಪ್ರತಿಮೆಗಳನ್ನು ಅನಾವರಣ ಮಾಡಿದರು. ಅವುಗಳನ್ನು ಕಂಡಾಗಲೆಲ್ಲ ಈ ಕರೆಗಳ ಬಗ್ಗೆ ನನ್ನೊಳಗೆ ಒಂದು ತಕರಾರು ಏಳುತ್ತದೆ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ವಾಲಗದ ಬಡಿತವೇ ಬೇರೆಯಾಗುತ್ತದೆ. ಅದು ಹೋದವರನ್ನು ಕಳಿಸಿಕೊಡುವ ಸದ್ದು. ರೌಸ್ ಉಳಿದವರನ್ನು ಎಬ್ಬಿಸುವ ಸದ್ದು. ಸ್ಮಾರಕದ ಮುಂದೆ ಕೊಂಬು ಊದಬೇಕೆಂದು ಇಷ್ಟು ವರ್ಷ ವಾದಿಸಿದವನು ನಾನು. ಆದರೆ ಎಲ್ಲಿ ಊದಿಸಲಿ, ಮೌನಕ್ಕೆ ಮೊದಲೋ, ಆಮೇಲೋ? ಯೋಧ ದಿನವೂ ಎದ್ದದ್ದು, ಉಂಡದ್ದು, ಮಲಗಿದ್ದು ಬ್ಯೂಗಲ್ ಕೇಳಿ. ಹುಟ್ಟಿದೂರಿನ ಸದ್ದು ಕೊಂಬಿನದು. ಕೊನೆಗೆ ಅವನನ್ನು ಯಾವುದು ಕರೆಯಬೇಕು?

ಒಂದು ಕೆಲಸ ಮಾತ್ರ ಈಗಲೇ ಆಗಬೇಕು. ಊಟದ ಕರೆಗೊಂದು, ಏಳುವ ಕರೆಗೊಂದು ಹಾಡಿನ ಸಾಲು ಕಟ್ಟಿಕೊಳ್ಳುವುದು ಸಿಪಾಯಿಗಳ ರೂಢಿ. ಮಿಲಿಟರಿಯಿಂದ ಬಂದ ಅಜ್ಜ ನಿಮ್ಮ ಮನೆಯಲ್ಲಿದ್ದರೆ ಆ ಸಾಲುಗಳನ್ನು ಕೇಳಿ, ಬರೆದುಕೊಳ್ಳಿ. ಕೊಡವ ತಕ್ಕ್‌ನಲ್ಲಿ ಹೇಳಿದರೆ ಹಾಗೆಯೇ ಬರೆಯಿರಿ.