ಗೆದ್ದವರು ಯಾರು, ಗೆದ್ದದ್ದು ಹೇಗೆ?

ಪಂದ್ಯ ನೋಡಿ ಮನೆಗೆ ಬಂದವನನ್ನು ಕೇಳುವ ಮೊದಲ ಪ್ರಶ್ನೆ ‘ಯಾರು ಗೆದ್ದರು?’ ಎಂಬುದು, ಎರಡನೆಯದು ‘ಹೇಗೆ?’ ಎಂಬುದು. ಮೊದಲನೆಯದಕ್ಕೆ ಅಂಕಫಲಕವೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದವನು ವರದಿಗಾರ. ಕಾಲೇಜಿನ ಪತ್ರಿಕೆಗೆ ಆಟೋಟಗಳ ವರದಿ ಬರೆಯತೊಡಗಿರುವ ತರುಣ ತರುಣಿಯರೊಡನೆ ಈ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಬಹುಕಾಲ ಕನ್ನಡ ಅಧ್ಯಾಪಕನಾಗಿದ್ದ ನಾನು ಇಂಥ ಎಷ್ಟೋ ವರದಿಗಳನ್ನು ತಿದ್ದಿದ್ದೇನೆ. ಅವುಗಳಲ್ಲಿ ಬಹುಮಟ್ಟಿಗೆ ಕಾಣುವುದು ಯುದ್ಧದ ಭಾಷೆ. ಒಂದು ತಂಡ ಇನ್ನೊಂದನ್ನು ‘ಬಗ್ಗುಬಡಿಯುತ್ತದೆ’, ‘ಧೂಳೀಪಟ ಮಾಡುತ್ತದೆ’, ‘ಮಣ್ಣು ಮುಕ್ಕಿಸುತ್ತದೆ’. ಇಷ್ಟೆಲ್ಲ ಆರ್ಭಟದ ನಡುವೆ ಬಯಲಿನಲ್ಲಿ ನಡೆದುದೇನೆಂಬುದು ಮಾತ್ರ ಓದುಗನಿಗೆ ತಿಳಿಯುವುದಿಲ್ಲ. ಕಬಡ್ಡಿಯಲ್ಲಿ ದಾಳಿಗೆ ಹೋದವನು ಎಡಮೂಲೆಯವನ ಪಾದ ಮುಟ್ಟಿ, ಬೀಳುತ್ತಲೇ ಮಧ್ಯದ ಗೆರೆಗೆ ಕೈ ಚಾಚಿದನೆಂದು ಬರೆದರೆ ಸಾಕು; ‘ರೋಮಾಂಚಕಾರಿ’ ಎಂಬ ವಿಶೇಷಣದ ಹಂಗು ಬೇಕಿಲ್ಲ.

ಸರಿಯಾಗಿ ನೋಡಬೇಕಾದರೆ ಆಟದ ನಿಯಮ ತಿಳಿದಿರಬೇಕು. ಎದುರಾಳಿಗಳು ಆರು ಮಂದಿಯಾದರೂ ಅಂಕಣದಲ್ಲಿದ್ದಾಗ ಮಾತ್ರ ಕಬಡ್ಡಿಯಲ್ಲಿ ಬೋನಸ್ ಅಂಕ ದೊರೆಯುತ್ತದೆ. ಇದನ್ನರಿಯದವನು, ಐವರೇ ಉಳಿದಿದ್ದಾಗ ಬೋನಸ್ ಗೆರೆ ದಾಟಿದವನಿಗೆ ಅಂಕ ಬಾರದುದನ್ನು ಕಂಡು, ತೀರ್ಪುಗಾರರು ಅನ್ಯಾಯ ಮಾಡಿದರೆಂದು ಬರೆದುಬಿಡುತ್ತಾನೆ.

ನಿಖರತೆಗೆ ಒಂದು ದೃಷ್ಟಾಂತ ಕೊಡುತ್ತೇನೆ. 1958–59ರಿಂದ ಸತತವಾಗಿ 15 ಬಾರಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿ ತಂಡದ ಓಟ 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ ಪಂದ್ಯದಲ್ಲಿ ನಿಂತಿತು. ‘ಕರ್ನಾಟಕ ಮುಂಬಯಿಯನ್ನು ಸೋಲಿಸಿತು’ ಎಂದು ಮಾತಿಗೆ ಹೇಳುವುದುಂಟು. ಬರೆಯುವವನು ಹಾಗೆನ್ನಲಾಗದು. ಪಂದ್ಯ ಡ್ರಾ ಆಯಿತು. ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲಿಗೆ ಹೋಯಿತು. ಆ ಮುನ್ನಡೆ ಬಂದುದು ಹೇಗೆ? ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ನೆಲೆಯೂರಿ ಆಡುತ್ತಿದ್ದ ನಾಯಕ ವಾಡೇಕರ್ ಕಾಲು ಜಾರಿ ರನ್ ಔಟಾದರು. ‘ಅದೃಷ್ಟ ಕೈಕೊಟ್ಟಿತು’ ಎಂಬುದು ವರದಿಗಾರನ ತೀರ್ಪು. ‘ಕಾಲು ಜಾರಿತು’ ಎಂಬುದು ಕಣ್ಣು ಕಂಡ ಸಂಗತಿ. ಸಂಗತಿಯನ್ನು ಕೊಟ್ಟರೆ ತೀರ್ಪನ್ನು ಓದುಗ ತಾನೇ ಮಾಡಿಕೊಳ್ಳುತ್ತಾನೆ.

ವಿದ್ಯಾರ್ಥಿ ವರದಿಗಾರನ ಹೊಣೆಯಂತೂ ಇನ್ನೂ ದೊಡ್ಡದು. ಅವನು ಬರೆಯುವುದು ಪಕ್ಕದ ಬೆಂಚಿನ ಹುಡುಗನನ್ನು ಕುರಿತು, ಅದೇ ತರಗತಿಯ ಹುಡುಗಿಯನ್ನು ಕುರಿತು. ಹೆಸರಾಂತ ಆಟಗಾರರ ಮೇಲೆ ನೂರಾರು ವರದಿಗಳು ಬರುತ್ತವೆ; ಈ ಮಕ್ಕಳ ಹೆಸರು ಅಚ್ಚಾಗುವುದು ಬಹುಶಃ ಇದೊಂದೇ ಸಲ. ಮನೆಯವರು ಆ ಪುಟವನ್ನು ಜೋಪಾನವಾಗಿ ತೆಗೆದಿಡುತ್ತಾರೆ. ಆದುದರಿಂದ ಹೆಸರನ್ನೂ ಇನಿಷಿಯಲ್ಲನ್ನೂ ಆಟಗಾರನಿಂದಲೇ ಕೇಳಿ ಬರೆದುಕೊಳ್ಳಿ. ಅಂಕಗಳನ್ನು ಸ್ಕೋರರನ ಪುಸ್ತಕದೊಡನೆ ತಾಳೆ ನೋಡಿ. ಇನ್ನೊಂದು ಮಾತು: ‘ಇವನು ಕ್ಯಾಚು ಬಿಟ್ಟುದರಿಂದ ಕಾಲೇಜು ಸೋತಿತು’ ಎಂದು ಬರೆದರೆ ಆ ವಾಕ್ಯ ಹದಿನೇಳು ವರ್ಷದ ಹುಡುಗನ ಬೆನ್ನು ಬಿಡುವುದಿಲ್ಲ. ಹಾಗೆಂದು ಸತ್ಯವನ್ನು ಮರೆಮಾಚಬೇಕೆ? ಕೂಡದು. ಕ್ಯಾಚು ಬಿಟ್ಟನೆಂದೇ ಬರೆಯಿರಿ. ಆಗ ಎಷ್ಟು ರನ್ ಆಗಿತ್ತು, ಆಮೇಲೆ ಎಷ್ಟು ಬಂತು, ಉಳಿದ ಹತ್ತು ಮಂದಿ ಏನು ಮಾಡಿದರು ಎಂಬುದನ್ನೂ ಬರೆಯಿರಿ. ಹನ್ನೊಂದು ಮಂದಿಯ ಸೋಲನ್ನು ಒಬ್ಬನ ತಲೆಗೆ ಕಟ್ಟುವುದು ಸುಲಭ. ಅದು ಸತ್ಯವಾಗಿರುವುದು ಅಪರೂಪ.

ಸ್ವಂತ ಕಾಲೇಜಿನ ಅಭಿಮಾನ ಸಹಜವೇ. ಆದರೆ ಲೇಖನಿ ಹಿಡಿದ ಕೈ ಚಪ್ಪಾಳೆ ತಟ್ಟಬಾರದು. ಗೆದ್ದ ನಾಯಕನನ್ನು ಮಾತನಾಡಿಸಿದಂತೆ ಸೋತವನನ್ನೂ ಮಾತನಾಡಿಸಿ; ಅವನು ಮುಖ ತೊಳೆದು ಸುಧಾರಿಸಿಕೊಳ್ಳುವವರೆಗೆ ಕಾಯಿರಿ. ಪಂದ್ಯ ತಿರುಗಿದ ಗಳಿಗೆ ಯಾವುದೆಂದು ಅನೇಕ ವೇಳೆ ಅವನಿಗೇ ಹೆಚ್ಚು ಚೆನ್ನಾಗಿ ಗೊತ್ತಿರುತ್ತದೆ.

ಬರೆದಾದ ಮೇಲೆ ವರದಿಯನ್ನೊಮ್ಮೆ ಸೋತ ತಂಡದವನ ಸ್ಥಾನದಲ್ಲಿ ಕುಳಿತು ಓದಿಕೊಳ್ಳಿ. ‘ಹೌದು, ನಡೆದುದು ಹೀಗೆಯೇ’ ಎಂದು ಅವನೂ ಒಪ್ಪುವಂತಿದ್ದರೆ, ಧಾರಾಳವಾಗಿ ಅಚ್ಚಿಗೆ ಕಳುಹಿಸಬಹುದು.